ಹೊಟ್ಟೆಗೆ ಹಾಕ್ಕೊಳ್ಳಿ

"ಮತ್ತೆ ಚೆಲ್ತಿದ್ದೀರಾ...?"

ಅನ್ನದ ತಟ್ಟೆಯನ್ನು ಕಸದ ಬುಟ್ಟಿಗೆ ಬಗ್ಗಿಸುತ್ತಿದ್ದ ಅವಳು ಹಿಂದಿನಿಂದ ಬಂದ ದನಿಗೆ ತಿರುಗಿದಳು. ಹೊಲಿಗೆ ಕಾರ್ಖಾನೆಯ ಕ್ಯಾಂಟೀನಿನ ಅಡುಗೆಯವನು ಸೊಂಟಕ್ಕೆ ಕೈಯಿಟ್ಟು ನಿಂತಿದ್ದ.

"ಉಪ್ಪು ಜಾಸ್ತಿನಾ, ಖಾರ ಜಾಸ್ತಿನಾ? ಹೇಳಿ ಚೆಲ್ಲಿ!"

"ಇಲ್ಲ ರೀ... ಹಸಿವಿಲ್ಲ."

"ದಿನಾ ಹಸಿವಿಲ್ಲದವರು ಕ್ಯೂನಲ್ಲಿ ಯಾಕೆ ನಿಲ್ತೀರಿ?"

ನಿಮ್ಮನ್ನು ನೋಡೋಕೆ! ಆ ಮಾತು ನುಂಗಿ ಅವಳು ತಟ್ಟೆ ತೊಳೆಯಲು ನಡೆದಳು.

ಅಂದಿನಿಂದ ಅವನು ಅವಳಿಗೆಂದೇ ಖಾರವಿಲ್ಲದೆ ಬೇಯಿಸಿದ. ಆದರೂ ತಟ್ಟೆ ತುಂಬಿದ ಹಾಗೇ ವಾಪಸು! ಆದರೆ ಎಲ್ಲರೂ ಅವನನ್ನು ಸೌಟಣ್ಣ ಎಂದರೆ, ಅವಳೊಬ್ಬಳು 'ರೀ' ಅನ್ನುತ್ತಿದ್ದಳು. ಆ ಒಂದು 'ರೀ' ನಂಬಿಕೊಂಡು ಅವಳ ಅಕ್ಕನ ಹತ್ತಿರ ಮದುವೆಯ ಮಾತೆತ್ತಿದ.

ಅವಳು ಬೇಡವೆಂದಳು. ಕಾರಣ ಹೇಳಲಿಲ್ಲ.

ಸೌಟು ಹಿಡಿಯೋ ಕೈ ಇವಳಿಗೆ ಅಸಹ್ಯ... ಅವನು ಹಾಗೇ ತಿಳಿದ. ಮರುದಿನ ಬೆಳಿಗ್ಗೆ ಎಲ್ಲರೆದುರು ಅಂದೇಬಿಟ್ಟ: "ದೊಡ್ಡೋರಿಗೆ ನಮ್ಮ ಅನ್ನ ಇಳಿಯಲ್ಲ ಬಿಡಿ!"

ಮಧ್ಯಾಹ್ನ ಅವಳು ಹೊಲಿಗೆ ಮಿಷನ್ ಮೇಲೇ ಕುಸಿದಳು.

ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದ ಅಕ್ಕ, ಓಡಿಬಂದ ಅವನ ಮೇಲೆ ಸಿಡುಕಿದಳು. "ಅವಳ ಕರುಳಿನ ಒಳಪದರ ಹಾಳಾಗಿದೆಯಪ್ಪಾ! ಒಳಗೆ ಬಿಡಬೇಕಾದ್ದನ್ನ ಸರಿಯಾಗಿ ಬಿಡಲ್ಲ, ತಡೀಬೇಕಾದ್ದನ್ನ ತಡೆಯಲ್ಲ. ಕೋಟಿನ ಅಸ್ತರು ಹೊಲಿಗೆ ಬಿಟ್ಟ ಹಾಗೆ ಅಂತ ಅವಳೇ ನಗ್ತಾಳೆ. ಉಂಡರೆ ಹೊಟ್ಟೆನೋವು, ಕೀಲುನೋವು, ಸುಸ್ತು... ಎರಡನೇ ಔಷಧಿನೂ ನಾಟಲಿಲ್ಲ."

"ವಾಸಿ ಆಗಲ್ವಾ?"

"ಹತೋಟಿಗೆ ಬಂದರೆ ಬಂತು ಅಂದ್ರು ಡಾಕ್ಟರು. ಹಾಗನ್ನೋವಾಗ ನಮ್ಮ ಮುಖ ನೋಡಲಿಲ್ಲ."

ಅವನು ಒಳಗೆ ಹೋದ. ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ತಪ್ಪಾಯ್ತು... ಬೆಳಿಗ್ಗೆ ಅಂದದ್ದನ್ನ ಹೊಟ್ಟೆಗೆ ಹಾಕ್ಕೊಳ್ಳಿ."

ಅಂದವನೇ ನಾಲಿಗೆ ಕಚ್ಚಿಕೊಂಡ. ಎಂಥಾ ಮಾತು, ಎಂಥವಳಿಗೆ!

ಅವಳು ತಿರುಗಿದಳು. ಒಣಗಿದ ತುಟಿಯಲ್ಲಿ ನಗು. "ನನ್ನ ಹೊಟ್ಟೆಗಾ? ಅಲ್ಲಿ ಏನೂ ನಿಲ್ಲಲ್ಲ ರೀ..."

"ಹಾಗಾದ್ರೆ ಬೈದುಬಿಡಿ."

"ಅದಕ್ಕೂ ಶಕ್ತಿಯಿಲ್ಲ. ನನ್ನ ಕಟ್ಟಿಕೊಂಡು ಏನು ಮಾಡ್ತೀರಿ? ಅಡುಗೆಯವನ ಹೆಂಡತಿ ಉಪವಾಸ ಅಂತ ಜನ ಆಡ್ಕೊಳ್ತಾರೆ. ನಾನು ಹುಷಾರಾಗಲ್ಲ."

"ಗೊತ್ತು," ಅಂದ. ಸುಳ್ಳು ಧೈರ್ಯ ಹೇಳಲು ಅವನಿಗೆ ಬಾಯಿ ಬರಲಿಲ್ಲ. "ಕ್ಯೂನಲ್ಲಿ ಯಾಕೆ ನಿಲ್ತಿದ್ರಿ? ಇವತ್ತಾದರೂ ನಿಜ ಹೇಳಿ."

ಅವಳ ಕಣ್ಣು ತುಂಬಿತು.

"ನಿಮ್ಮನ್ನ ನೋಡೋಕೆ..."

ಅವನು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತ.

"ಇನ್ಮೇಲೆ ಕ್ಯೂ ಬೇಡ. ಕಣ್ತುಂಬ ನೋಡಿ."

ಅವಳು ಅವನ ಕೈಯನ್ನು, ಸೌಟು ಹಿಡಿದು ಜಡ್ಡುಗಟ್ಟಿದ ಆ ಕೈಯನ್ನು, ಮೆಲ್ಲಗೆ ಹಿಡಿದಳು.

"ಇದೊಂದನ್ನ ಚೆಲ್ಲಲ್ಲ ರೀ..."