ತಪ್ಪು ಕೈಗೆ ಬಿದ್ದ ಕೋಳ

ಚಿತ್ರಕಾರ ಕಾದಂಬರಿಯ ಕೊನೆಯ ಅಧ್ಯಾಯದ ಚಿತ್ರವನ್ನು ಮೇಜಿನ ಮೇಲೆ ಹರಡಿದ್ದೇ ತಡ, ಅವಳು ಬೆಚ್ಚಿ ಅದರ ಮೇಲೆ ಬಾಗಿದಳು.

ಕುದುರೆ ಸಾರೋಟು, ಮಂಜು ಮುಸುಕಿದ ಬೀದಿ, ಗ್ಯಾಸ್ ದೀಪದ ಕೆಳಗೆ ಉದ್ದ ಕೋಟಿನ ಪತ್ತೇದಾರ. ಎಲ್ಲ ಸರಿಯಾಗಿತ್ತು. ಆದರೆ ಅವನು ಕೋಳ ತೊಡಿಸುತ್ತಿದ್ದದ್ದು ಡಾಕ್ಟರಿಗಲ್ಲ. ಕಪ್ಪು ಮುಸುಕಿನ ವಿಧವೆಗೆ!

“ಇದೇನ್ ಸರ್, ತಪ್ಪು ಬರೆದಿದ್ದೀರಲ್ಲ? ಕೊಲೆ ಮಾಡಿದ್ದು ಡಾಕ್ಟರ್!”

ಮುದುಕ ಚಿತ್ರಕಾರ ಕನ್ನಡಕವನ್ನು ಹಣೆಗೇರಿಸಿದ. “ಯಾವ ಡಾಕ್ಟರಮ್ಮ? ಇಂಗ್ಲಿಷಲ್ಲೇ ಈ ಕಥೆ ಓದಿದ್ದೀನಿ ನಾನು. ಗಂಡನ ಹಾಲಿಗೆ ವಿಷ ಹಾಕಿದ್ದು ಹೆಂಡ್ತೀನೇ. ಆ ಡಾಕ್ಟರ್ ಪಾಪ, ದೇವರಂಥ ಮನುಷ್ಯ.”

ವಿಕ್ಟೋರಿಯಾ ರಾಣಿಯ ಕಾಲದ ಪತ್ತೇದಾರಿ ಕಾದಂಬರಿಗಳನ್ನು ಅನುವಾದಿಸಿ ಅಚ್ಚು ಹಾಕುವ ಪ್ರಕಾಶನ ಅದು. ಪ್ರೂಫ್ ನೋಡುವುದು ಅವಳ ಕೆಲಸ. ಅನುವಾದಕ ಒಂದೊಂದೇ ಅಧ್ಯಾಯ ತಂದುಕೊಟ್ಟಂತೆ ಅವಳು ಕೊಲೆಗಾರ ಯಾರೆಂದು ಊಹಿಸುತ್ತಿದ್ದಳು. ಪ್ರತಿ ಸಲವೂ ಮಣ್ಣು ಮುಕ್ಕುತ್ತಿದ್ದಳು. ಆಫೀಸಿನವರು ‘ಪತ್ತೇದಾರಿಣಿ’ ಎಂದು ಹೆಸರಿಟ್ಟು ನಗುತ್ತಿದ್ದರು. ಅನುವಾದಕ ಮಾತ್ರ ನಗುತ್ತಿರಲಿಲ್ಲ. ಅವಳು ಯೋಚನೆಯಲ್ಲಿ ಮುಳುಗಿ ಕೆಂಪು ಪೆನ್ನಿನ ತುದಿಯನ್ನು ಕೆನ್ನೆಗೊತ್ತಿಕೊಳ್ಳುವುದನ್ನು ಕದ್ದು ನೋಡುತ್ತಿದ್ದ. ಕಣ್ಣಿಗೆ ಕಣ್ಣು ಸೇರಿದರೆ ಗೋಡೆಯ ಕ್ಯಾಲೆಂಡರ್ ಓದತೊಡಗುತ್ತಿದ್ದ.

ಹೋದ ತಿಂಗಳು ಅವಳ ಅಕ್ಕ ತನ್ನೂರಿನಲ್ಲಿ ಇವಳಿಗೊಂದು ಕೆಲಸ ನೋಡಿದ್ದಳು. “ಈ ಸಲಾನೂ ನನ್ನ ಊಹೆ ತಪ್ಪಾದ್ರೆ ಹೊರಟೇಬಿಡ್ತೀನಿ,” ಎಂದಿದ್ದಳು ಇವಳು ಅನುವಾದಕನೆದುರು. ‘ಹೋಗಬೇಡಿ’ ಅನ್ನಲಿ ಎಂಬ ಆಸೆ.

ಅವನು ಕೇಳಿದ್ದು ಇಷ್ಟೇ: “ಯಾರ ಮೇಲೆ ಅನುಮಾನ?”

“ಡಾಕ್ಟರ್!”

ಕೊನೆಯ ಅಧ್ಯಾಯದಲ್ಲಿ ಡಾಕ್ಟರೇ ಸಿಕ್ಕಿಬಿದ್ದಾಗ ಅವಳು ಕುರ್ಚಿ ಹತ್ತಿ ನಿಂತು ಕೂಗಿದ್ದಳು. ಅಕ್ಕನಿಗೆ ಫೋನ್ ಮಾಡಿ ಬರುವುದಿಲ್ಲ ಎಂದೂ ಹೇಳಿಬಿಟ್ಟಿದ್ದಳು.

ಈಗ ಅನುವಾದಕ ಒಳಗೆ ಬಂದ. ಚಿತ್ರ ನೋಡಿದ. ಬಿಳಿಚಿಕೊಂಡ.

“ನೀವು... ಕೊಲೆಗಾರನ್ನೇ ಬದಲಾಯಿಸಿಬಿಟ್ರಾ?”

ಅವನು ತಲೆ ತಗ್ಗಿಸಿದ.

“ಏನೂ ಮಾಡದ ಡಾಕ್ಟರನ್ನ ಗಲ್ಲಿಗೆ ಹಾಕ್ಸಿದ್ರಲ್ರೀ! ಕೊನೇಲಿ ಅವನು ತಾಯಿಗೆ ಒಂದು ಮಾತು ಹೇಳ್ತಾನಲ್ಲ, ಅದನ್ನ ಓದಿ ನಾನು ಗಳಗಳ ಅಂತ ಅತ್ತಿದ್ದೆ!”

“ಅದನ್ನೂ ನಾನೇ ಸೇರಿಸಿದ್ದು,” ಅವನ ದನಿ ಬಾವಿಯೊಳಗಿಂದ ಬಂದಂತಿತ್ತು. “ಪಾಪ ಅನ್ನಿಸ್ತು.”

“ಅಯ್ಯಯ್ಯೋ!” ಚಿತ್ರಕಾರ ಎದೆ ಹಿಡಿದುಕೊಂಡು ಕುಳಿತ. “ಕೊಂದಿದ್ದಲ್ದೆ ಪಾಪ ಬೇರೆ ಅನ್ನಿಸ್ತಂತೆ!”

“ಯಾಕೆ ಮಾಡಿದ್ರಿ?” ಅವಳು ಬಿಡಲಿಲ್ಲ.

“ವಿಧವೆ ಅಂತಾನೇ ಬರೆದಿದ್ರೆ... ನೀವು ಹೊರಟುಹೋಗ್ತಿದ್ರಿ.”

‘ಹೋಗಬೇಡಿ’ ಎಂಬ ಒಂದೇ ಒಂದು ಮಾತು ನಾಲಿಗೆಗೆ ಬಾರದೆ, ಇರುವೆಯನ್ನೂ ತುಳಿಯದೆ ದಾಟಿ ನಡೆಯುವ ಈ ಮನುಷ್ಯ ನಿರಪರಾಧಿಯ ಕುತ್ತಿಗೆಗೆ ಹಗ್ಗ ಬಿಗಿದಿದ್ದ! ಅವಳ ಸಿಟ್ಟು ನೆತ್ತಿಗೇರಿತು. ಅದರ ಬೆನ್ನಿಗೇ ಕೆನ್ನೆಗೂ ಏನೋ ಬಿಸಿ ಏರಿತು.

ಪುಸ್ತಕ ಸಂಜೆ ಅಚ್ಚಿಗೆ ಹೋಗುವುದಿತ್ತು. ಚಿತ್ರವೊಂದನ್ನು ಬದಲಾಯಿಸಿದರೆ ಸಾಕು. ಅವಳು ಗೆದ್ದವಳಾಗಿಯೇ ಉಳಿಯುತ್ತಿದ್ದಳು. ಆದರೆ ಅವಳು ಪ್ರೂಫಿನ ಕೊನೆಯ ಅಧ್ಯಾಯವನ್ನೆಳೆದು ಮೇಲಿಂದ ಕೆಳಗೆ ಉದ್ದಕ್ಕೆ ಗೀಟು ಹಾಕಿದಳು.

“ನಿಜವಾದ ಕೊನೆ ಬರೆದುಕೊಡಿ. ಆ ಡಾಕ್ಟರ್ ಬದುಕ್ಬೇಕು.”

“ನಿಮ್ಮ ಊಹೆ ತಪ್ಪಾಗುತ್ತೆ.”

“ಆಗ್ಲಿ.”

“ಅಂದ್ರೆ... ಹೋಗ್ತೀರಾ?”

“ತಡೆಯೋರು ಯಾರೂ ಇಲ್ಲಾಂದ್ರೆ ಇದ್ದು ಏನ್ಮಾಡ್ಲಿ?”

ಅವನ ಕೈ ಅಭ್ಯಾಸಬಲದಿಂದ ಜೇಬಿನ ಪೆನ್ನಿಗೆ ಹೋಯಿತು. ಅವಳು ಅದನ್ನು ಕಿತ್ತುಕೊಂಡಳು. “ಬರೆದು ಅಲ್ಲ. ಬಾಯಲ್ಲಿ.”

ಅವನ ತುಟಿ ಅಲುಗಿತು.

“ಜೋರಾಗಿ ಹೇಳೋ ತಮ್ಮಾ,” ಎಂದ ಚಿತ್ರಕಾರ, “ನನ್ನ ಕಿವಿ ಮಂದ.”

“ಹೋಗ್ಬೇಡಿ! ನಿಮ್ಮನ್ನ ಪ್ರೀತಿಸ್ತೀನಿ!”

ಪಕ್ಕದ ಕೋಣೆಯ ಟೈಪಿಂಗ್ ಸದ್ದು ಗಕ್ಕನೆ ನಿಂತಿತು. ಪ್ರಕಾಶನದ ಯಜಮಾನರು ಬಾಗಿಲಿಗೆ ಬಂದು, ಬಾಯಿ ತೆರೆದವರು ಹಾಗೆಯೇ ನಿಂತುಬಿಟ್ಟರು. ಎಲ್ಲರಿಗಿಂತ ಹೆಚ್ಚು ಬೆಚ್ಚಿದ್ದವನು ಹೇಳಿದವನೇ. ಆ ಮಾತು ಯಾರ ಬಾಯಿಂದ ಬಂತೆಂದು ಹುಡುಕುವವನಂತೆ ಸುತ್ತ ನೋಡಿದ.

ಅವಳು ಪಕ್ಕದ ಕುರ್ಚಿಯನ್ನು ತನ್ನ ಕುರ್ಚಿಗೆ ತಾಗುವಷ್ಟು ಹತ್ತಿರ ಎಳೆದು, ಪೆನ್ನನ್ನು ಅವನ ಕೈಗಿತ್ತಳು. ಕೊಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

“ಕೂತ್ಕೊಳ್ಳಿ. ಸಂಜೆಯೊಳಗೆ ಒಬ್ಬನ್ನ ಬದುಕಿಸ್ಬೇಕು, ಒಬ್ಬಳನ್ನ ಜೈಲಿಗೆ ಕಳಿಸ್ಬೇಕು. ಇಬ್ರಿಗೂ ಕೈತುಂಬ ಕೆಲಸ ಇದೆ.”