ನಡುದಾರಿಯಲ್ಲಿ ನಿಂತ ಮೀನು

ಮೀನಿನ ತಲೆ ಮೂರನೇ ಪರದೆ ಸೇರಿತ್ತು. ಬಾಲ ಮಾತ್ರ ಎರಡನೇ ಪರದೆಯಲ್ಲೇ ಉಳಿದಿತ್ತು. ಅಷ್ಟಕ್ಕೇ ಅದು ಗಪ್ಪನೆ ನಿಂತುಬಿಟ್ಟಿತು.

“ಚಿಕ್ಕಮ್ಮಾ! ನನ್ನ ಮೀನು ಸಿಕ್ಕಾಕ್ಕೊಂಡಿದೆ!” ಬಟಾಣಿ ಕೂಗಿದಳು.

“ಒಂಚೂರು ಕಾಯೇ, ಹೋಗುತ್ತೆ,” ಎಂದಳು ಚಿಕ್ಕಮ್ಮ. ಅವಳು ಮ್ಯೂಸಿಯಂ ಹಾಲಿನ ಆ ತುದಿಯಲ್ಲಿ ಕೊನೆಯ ಪರದೆಯ ಸ್ಕ್ರೂ ಬಿಗಿ ಮಾಡುತ್ತಿದ್ದಳು.

ಬಟಾಣಿ ಕಾದಳು. ಮೌಸ್ ಅಲ್ಲಾಡಿಸಿದಳು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, “ಹೋಗೋ ಪುಣ್ಯಾತ್ಮ,” ಎಂದು ಪಿಸುಗುಟ್ಟಿದಳು. ಮೀನು ಕದಲಲಿಲ್ಲ.

“ಉದ್ದಣ್ಣ, ಅಲ್ಲಿ ನೀವೂ ಏನಾದ್ರೂ ಬರೀರಿ ನೋಡೋಣ,” ಎಂದಳು ಚಿಕ್ಕಮ್ಮ.

ಉದ್ದಣ್ಣ ನಡುವಿನ ಕಂಪ್ಯೂಟರಿನಲ್ಲಿ ಒಂದು ಆಮೆ ಬರೆದ. ಆಮೆ ಹುಟ್ಟಿದ ಜಾಗದಲ್ಲೇ ಕೂತಿತು.

“ಇದು ಆಮೆ ಮೇಡಂ. ಇದಕ್ಕೆ ಅರ್ಜೆಂಟಿಲ್ಲ,” ಎಂದ.

ಯಾರೂ ನಗಲಿಲ್ಲ. ಚಿಕ್ಕಮ್ಮ ಸ್ಕ್ರೂಡ್ರೈವರ್ ಕೆಳಗಿಟ್ಟು ಓಡಿ ಬಂದಳು.

ಬಟಾಣಿಯ ನಿಜವಾದ ಹೆಸರು ಹಾಜರಿ ಕರೆಯುವ ಟೀಚರನ್ನು ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ. ಇವತ್ತು ಶಾಲೆಗೆ ರಜೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಹಾಗಾಗಿ ಅವಳು ಚಿಕ್ಕಮ್ಮನ ಬಾಲ ಹಿಡಿದು ಮ್ಯೂಸಿಯಮ್ಮಿಗೆ ಬಂದಿದ್ದಳು. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವುದು ಚಿಕ್ಕಮ್ಮನ ಕೆಲಸ. ಉದ್ದಣ್ಣ ಅವಳ ಜೊತೆಗೆ ವೈರ್ ಎಳೆಯುವವನು. ಬೇರೆಯವರು ಏಣಿಯ ತುದಿಗೆ ಹತ್ತಬೇಕಾದ ಕಡೆ ಅವನು ಅರ್ಧ ಏಣಿಗೇ ಕೈ ಚಾಚಿ ಕೆಲಸ ಮುಗಿಸುತ್ತಿದ್ದ. ಅಷ್ಟು ಉದ್ದ.

ಅವರು ಮಾಡುತ್ತಿದ್ದ ಪ್ರದರ್ಶನದ ಹೆಸರು ‘ನದಿ’. ಗೋಡೆಯುದ್ದಕ್ಕೂ ಪರದೆಗಳ ಸಾಲು. ಪ್ರತಿ ಪರದೆಯ ಮುಂದೆ ಒಂದು ಮೇಜು, ಒಂದು ಕಂಪ್ಯೂಟರ್. ಯಾವ ಕಂಪ್ಯೂಟರಿನಲ್ಲಿ ಏನು ಬರೆದರೂ ಅದು ಈಜುತ್ತಾ ಈಜುತ್ತಾ ಒಂದೊಂದೇ ಪರದೆ ದಾಟಿ ಗೋಡೆಯ ಕೊನೆ ಮುಟ್ಟಬೇಕು. ದಾರಿಯಲ್ಲಿ ಬೇರೆ ಮಕ್ಕಳು ಅದಕ್ಕೆ ಟೋಪಿ ಹಾಕಬಹುದು, ಮೀಸೆ ಅಂಟಿಸಬಹುದು. ನಾಳೆ ಬೆಳಿಗ್ಗೆ ಮ್ಯೂಸಿಯಂ ಬಾಗಿಲು ತೆರೆದ ಕೂಡಲೇ ಮೊದಲು ಬರುವವರು ಬಟಾಣಿಯ ಕ್ಲಾಸಿನವರು.

ಊಟದ ಹೊತ್ತಿಗಿಂತ ಮುಂಚೆ ಎಲ್ಲ ಸರಿಯಾಗಿತ್ತು. ಊಟ ಮಾಡುತ್ತಾ ಉದ್ದಣ್ಣ ಬಟಾಣಿಗೆ ಹೇಳಿದ್ದ: “ನಾನು ಎಷ್ಟೊಂದು ಕಟ್ಟಡಕ್ಕೆ ವೈರ್ ಎಳೆದಿದ್ದೀನಿ ಗೊತ್ತಾ? ಬಾಗಿಲು ತೆಗೆಯೋ ದಿನ ನಾವು ಇರಲ್ಲ, ಇನ್ನೊಂದು ಕಡೆ ಕೆಲಸಕ್ಕೆ ಹೋಗಿರ್ತೀವಿ. ಜನ ಅದರಲ್ಲಿ ಓಡಾಡೋದನ್ನ ಒಂದು ಸಲವೂ ನೋಡಿಲ್ಲ. ಈ ಸಲ ನಿನ್ನ ಚಿಕ್ಕಮ್ಮ ‘ನೀವೂ ಇರಿ, ಏನಾದ್ರೂ ಕೆಟ್ರೆ ಬೇಕಾಗುತ್ತೆ’ ಅಂದಿದ್ದಾರೆ. ಅಂಗಿ ಇಸ್ತ್ರಿ ಮಾಡಿಸಿ ಇಟ್ಟಿದ್ದೀನಿ.”

“ಒಂದು ಅಂಗಿಗೆ ಎರಡು ಅಂಗಿಯಷ್ಟು ಬಟ್ಟೆ ಬೇಕಲ್ವಾ ನಿಮಗೆ?” ಎಂದಿದ್ದಳು ಬಟಾಣಿ.

“ತೋಳಿಗೇ ಒಂದು ಅಂಗಿ ಬೇಕು,” ಎಂದು ಅವನು ನಕ್ಕಿದ್ದ.

ಈಗ ಅವನ ಮುಖದಲ್ಲಿ ನಗು ಇರಲಿಲ್ಲ. ಮ್ಯೂಸಿಯಮ್ಮಿನ ದೊಡ್ಡ ಸರ್ ಬಂದು ನಿಂತಿದ್ದರು. ಅವರ ಬೂಟಿನ ಸದ್ದು ಹಾಲಿನಲ್ಲೆಲ್ಲ ಟಕ್ ಟಕ್ ಎಂದು ತಿರುಗಿ ಕೇಳುತ್ತಿತ್ತು.

“ಏನಿದು? ಬೆಳಿಗ್ಗೆ ಓಡ್ತಿತ್ತಲ್ಲ?”

“ನೋಡ್ತಿದ್ದೀವಿ ಸರ್,” ಎಂದಳು ಚಿಕ್ಕಮ್ಮ.

“ಸಂಜೆಯೊಳಗೆ ಸರಿಹೋಗದಿದ್ರೆ ಈ ಗೋಡೆಗೆ ಬಟ್ಟೆ ಮುಚ್ಚಿಬಿಡ್ತೀನಿ. ನಿಂತ ಮೀನು ತೋರಿಸಿ ಮಕ್ಕಳ ಹತ್ರ ನಗಿಸಿಕೊಳ್ಳೋಕೆ ನಾನು ತಯಾರಿಲ್ಲ.”

ಅವರು ಹೋದ ಮೇಲೆ ಚಿಕ್ಕಮ್ಮ ಉದ್ದಣ್ಣನ ಕಡೆ ತಿರುಗಿದಳು. “ಸೀಲಿಂಗ್ ಮೇಲೆ ವೈರ್ ಎಳೆಯುವಾಗ ಎಲ್ಲಾದ್ರೂ ಜಗ್ಗಿದ್ರಾ?”

“ಒಂದು ಕಡೆ ಸ್ವಲ್ಪ ಬಿಗಿ ಇತ್ತು ಮೇಡಂ. ಆದ್ರೆ...”

“ಆಗಲೇ ಹೇಳ್ಬೇಕಿತ್ತಲ್ವಾ! ನಿಧಾನ, ನಿಧಾನ ಅಂತ ಎಷ್ಟು ಸಲ ಬಡ್ಕೊಂಡೆ!”

ಬಟಾಣಿ ಬೆಚ್ಚಿದಳು. ಚಿಕ್ಕಮ್ಮ ಉದ್ದಣ್ಣನ ಮೇಲೆ ರೇಗಿದ್ದನ್ನು ಅವಳು ಯಾವತ್ತೂ ಕಂಡಿರಲಿಲ್ಲ. ಉದ್ದಣ್ಣ ಏಣಿ ಎತ್ತಿಕೊಂಡು ಹೋಗಿ, ಸೀಲಿಂಗಿನ ಹಲಗೆ ಸರಿಸಿ, ತಲೆಯನ್ನು ಕತ್ತಲೆಯೊಳಗೆ ತೂರಿಸಿದ. ಕೆಳಗಿನಿಂದ ನೋಡಿದರೆ ಏಣಿಯ ಮೇಲೆ ಬರೀ ಎರಡು ಕಾಲು ನಿಂತ ಹಾಗೆ ಕಾಣುತ್ತಿತ್ತು.

ಚಿಕ್ಕಮ್ಮ ಲ್ಯಾಪ್‌ಟಾಪ್ ತಗೊಂಡು ಹಿಂದಿನ ಕೋಣೆಗೆ ಹೋದಳು. ಬಟಾಣಿ ನೀರಿನ ಬಾಟಲಿ ಹಿಡಿದು ಅವಳ ಹಿಂದೆಯೇ ಹೋದಳು.

“ಏನಾಗಿದೆ ಚಿಕ್ಕಮ್ಮ?”

ಚಿಕ್ಕಮ್ಮ ಗಟಗಟನೆ ನೀರು ಕುಡಿದಳು. “ಪ್ರತಿ ಮೇಜಿನ ಕೆಳಗೂ ಮಿಣಮಿಣ ಅನ್ನೋ ಪುಟ್ಟ ಪೆಟ್ಟಿಗೆ ಇದೆ ನೋಡು. ಕೇಳಿದ್ದನ್ನ ಪಕ್ಕದವರಿಗೆ ಹೇಳೋದೇ ಅದರ ಕೆಲಸ. ‘ಮೀನು ಬಂತು’ ಅಂತ ಇದು ಅದಕ್ಕೆ ಹೇಳುತ್ತೆ, ಅದು ಇನ್ನೊಂದಕ್ಕೆ ಹೇಳುತ್ತೆ. ಈಗ ಎಲ್ಲ ಪೆಟ್ಟಿಗೆಗಳೂ ಒಟ್ಟಿಗೆ ಬಾಯಿ ಮಾಡ್ತಿವೆ. ಒಂದೋ ಮೇಲಿನ ವೈರಿಗೆ ಪೆಟ್ಟಾಗಿದೆ, ಇಲ್ಲ ಎಲ್ಲೋ ಸುತ್ತು ಬಿದ್ದಿದೆ.”

“ಸುತ್ತು ಅಂದ್ರೆ?”

“ಒಂದೇ ವೈರಿನ ಎರಡೂ ತುದೀನ ಒಂದೇ ಪೆಟ್ಟಿಗೆಗೆ ಚುಚ್ಚಿದ್ರೆ ಹಾಗಾಗುತ್ತೆ. ಆ ಪೆಟ್ಟಿಗೆ ತಾನು ಹೇಳಿದ್ದನ್ನ ತಾನೇ ಕೇಳಿಸ್ಕೊಂಡು, ಮತ್ತೆ ಹೇಳಿ, ಮತ್ತೆ ಕೇಳಿಸ್ಕೊಂಡು... ‘ಮೀನು ಬಂತು, ಮೀನು ಬಂತು, ಮೀನು ಬಂತು!’ ಆ ಗಲಾಟೇಲಿ ನಿಜವಾದ ಮೀನಿಗೆ ದಾರಿಯೇ ಸಿಗಲ್ಲ.” ಚಿಕ್ಕಮ್ಮ ಬಾಟಲಿಯ ಮುಚ್ಚಳ ತಿರುಗಿಸಿದಳು. “ಆದ್ರೆ ಅಂಥ ದಡ್ಡ ಕೆಲಸ ನಾವ್ಯಾರೂ ಮಾಡಲ್ಲ ಬಿಡು. ಮೇಲಿನ ವೈರೇ ಇರ್ಬೇಕು.”

ಬಟಾಣಿ ತಿರುಗಿ ಹಾಲಿನ ಮೊದಲನೇ ಮೇಜಿನ ಕಡೆ ನೋಡಿದಳು.

ಊಟ ಆದ ಮೇಲೆ ಚಿಕ್ಕಮ್ಮ ಮತ್ತು ಉದ್ದಣ್ಣ ಕೈ ತೊಳೆಯಲು ಹೋಗಿದ್ದರು. ಬಿದ್ದ ಪೆನ್ಸಿಲ್ ಹುಡುಕುತ್ತಾ ಬಟಾಣಿ ಮೊದಲನೇ ಮೇಜಿನ ಕೆಳಗೆ ತೂರಿದ್ದಳು. ಅಲ್ಲಿ ಪೆಟ್ಟಿಗೆಯಿಂದ ಒಂದು ನೀಲಿ ವೈರ್ ನೇತಾಡುತ್ತಿತ್ತು. ಅದರ ಇನ್ನೊಂದು ತುದಿ ಎಲ್ಲಿಗೂ ಸೇರಿರಲಿಲ್ಲ. ಪಾಪ, ಯಾರೋ ಮರೆತಿದ್ದಾರೆ ಅನ್ನಿಸಿತು. ಅದೇ ಪೆಟ್ಟಿಗೆಯಲ್ಲಿ ಒಂದು ತೂತು ಖಾಲಿ ಇತ್ತು. ಚುಚ್ಚಿದಳು. ‘ಟಿಕ್’ ಎಂದು ಎಷ್ಟು ಚೆನ್ನಾಗಿ ಕೂತಿತ್ತು! ಒಂದು ಒಳ್ಳೇ ಕೆಲಸ ಮಾಡಿದೆ ಎಂದು ಹಿಗ್ಗಿ, ಆಮೇಲೆ ಮರೆತೇಬಿಟ್ಟಿದ್ದಳು.

ಅವಳು ಮೆಲ್ಲಗೆ ಕೋಣೆಯಿಂದ ಹೊರಗೆ ಬಂದಳು. ಹಾಲಿನಲ್ಲಿ ಏಣಿಯ ಮೇಲಿನ ಎರಡು ಕಾಲು ಬಿಟ್ಟರೆ ಯಾರೂ ಇರಲಿಲ್ಲ. ಮೇಜಿನ ಕೆಳಗೆ ತೂರಿದಳು. ಪೆಟ್ಟಿಗೆಯ ದೀಪಗಳು ಹುಚ್ಚು ಹಿಡಿದ ಹಾಗೆ ಮಿಣುಕುತ್ತಿದ್ದವು. ನೀಲಿ ವೈರಿನ ತುದಿಯನ್ನು ಒತ್ತಿ ಎಳೆದಳು. ದೀಪಗಳು ಒಂದು ಕ್ಷಣ ಸುಮ್ಮನಾದವು. ಆಮೇಲೆ ಒಂದೊಂದೇ ನಿಧಾನವಾಗಿ ಮಿಣುಕತೊಡಗಿದವು.

ಹೊರಗೆ ಬಂದು ತಲೆ ಎತ್ತಿ ನೋಡಿದರೆ ಮೀನು ಹೊರಟಿತ್ತು! ಬಾಲ ಬಡಿಯುತ್ತಾ ನಾಲ್ಕನೇ ಪರದೆ ದಾಟುತ್ತಿತ್ತು. ಉದ್ದಣ್ಣನ ಆಮೆಯೂ ಕದಲಿತ್ತು.

“ಬಂತು! ಬಂತು!” ಚಿಕ್ಕಮ್ಮ ಒಳಗಿನಿಂದ ಓಡಿ ಬಂದಳು. “ಉದ್ದಣ್ಣ, ಈಗ ಏನು ಮಾಡಿದ್ರಿ?”

ಸೀಲಿಂಗಿನೊಳಗಿಂದ ಧೂಳು ಹಿಡಿದ ತಲೆ ಕೆಳಗಿಳಿಯಿತು. “ಆ ಬಿಗಿ ಇದ್ದ ಕಡೆ ವೈರ್ ಸಡಿಲ ಮಾಡಿದೆ ಮೇಡಂ. ಅದೇ ಇರ್ಬೇಕು.” ಅವನು ಮೆಟ್ಟಿಲು ನೋಡಿಕೊಂಡು ಇಳಿದ. “ನನ್ನದೇ ತಪ್ಪು.”

ದೊಡ್ಡ ಸರ್ ಕೂಡ ಬಂದರು. ಮೀನನ್ನು ನೋಡಿದರು, ಆಮೆಯನ್ನು ನೋಡಿದರು, ಆಮೇಲೆ ಉದ್ದಣ್ಣನನ್ನು ನೋಡಿದರು. “ಸರಿಹೋಯ್ತಲ್ಲ, ಒಳ್ಳೇದು. ಆದ್ರೆ ನಾಳೆಗೆ ಇವರು ಬೇಡ. ಕೈ ನೆಟ್ಟಗಿರೋರು ಯಾರನ್ನಾದ್ರೂ ಕರೆಸಿ.”

ಚಿಕ್ಕಮ್ಮ ಏನೋ ಹೇಳಲು ಹೋಗಿ ಸುಮ್ಮನಾದಳು.

“ಆಗ್ಲಿ ಸರ್,” ಎಂದ ಉದ್ದಣ್ಣ. ಏಣಿ ಮಡಿಚಲು ಬಗ್ಗಿದ. ಅಷ್ಟುದ್ದದ ಮನುಷ್ಯ ಇದ್ದಕ್ಕಿದ್ದಂತೆ ಕುಳ್ಳಗಾದ ಹಾಗೆ ಬಟಾಣಿಗೆ ಕಂಡಿತು.

ಎಲ್ಲವೂ ಸರಿಹೋಗಿತ್ತು. ಮೀನು ಓಡುತ್ತಿತ್ತು. ಗೋಡೆಗೆ ಬಟ್ಟೆ ಮುಚ್ಚುವ ಮಾತಿರಲಿಲ್ಲ. ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಆದರೆ ಬಟಾಣಿಯ ಕಣ್ಣು ಉದ್ದಣ್ಣ ಮಡಿಚುತ್ತಿದ್ದ ಏಣಿಯ ಮೇಲೇ ಇತ್ತು.

“ಯಾಕೇ, ಮುಖ ಹೀಗೆ ಹುಳ್ಳಗೆ ಮಾಡ್ಕೊಂಡಿದ್ದೀಯ? ನಿನ್ನ ಮೀನು ಓಡ್ತಿದೆಯಲ್ಲ?” ಎಂದಳು ಚಿಕ್ಕಮ್ಮ.

ಎಲ್ಲರೂ ನೋಡುತ್ತಿದ್ದಂತೆ ಬಟಾಣಿ ಸರಕ್ಕನೆ ಮೇಜಿನ ಕೆಳಗೆ ನುಗ್ಗಿದಳು. ನೀಲಿ ವೈರನ್ನು ಹಿಡಿದು ಮತ್ತೆ ಅದೇ ತೂತಿಗೆ ಚುಚ್ಚಿದಳು.

ಟಿಕ್.

“ಅಯ್ಯೋ! ಮತ್ತೆ ನಿಂತಿತು!” ದೊಡ್ಡ ಸರ್ ಕೂಗಿದರು.

ಬಟಾಣಿ ವೈರ್ ಕಿತ್ತಳು. ಮೀನು ಹೊರಟಿತು.

ಮೇಜಿನ ಕೆಳಗಿನಿಂದ ಅವಳ ಸಣ್ಣ ದನಿ ಬಂತು: “ಮೇಲಿನ ವೈರಲ್ಲ. ಇದು. ಊಟ ಆದ ಮೇಲೆ ನಾನೇ ಹಾಕಿದ್ದು. ಉದ್ದಣ್ಣ ಏನೂ ಮಾಡಿಲ್ಲ.”

ಬಟಾಣಿಗೆ ಹೊರಗೆ ಬರಲು ಧೈರ್ಯ ಸಾಲಲಿಲ್ಲ. ಅವಳಿಗೆ ಕಾಣುತ್ತಿದ್ದುದು ಬೂಟು ಚಪ್ಪಲಿಗಳು ಮಾತ್ರ. ಅದರಲ್ಲಿ ಒಂದು ಜೊತೆ ಚಪ್ಪಲಿ ಹತ್ತಿರ ಬಂತು. ಚಿಕ್ಕಮ್ಮನ ಮುಖ ತಲೆಕೆಳಗಾಗಿ ಮೇಜಿನ ಕೆಳಗೆ ಇಣುಕಿತು.

“ಈ ವೈರಾ?”

“ಹೂಂ. ನೇತಾಡ್ತಿತ್ತು. ಮರೆತಿದ್ದೀರಿ ಅಂದ್ಕೊಂಡೆ.”

ಚಿಕ್ಕಮ್ಮ ಕಣ್ಣು ಮುಚ್ಚಿದಳು. “ಮರೆತಿದ್ದು ನಿಜವೇ ಕಣೇ. ಟೆಸ್ಟ್ ಮಾಡೋಕೆ ನನ್ನ ಲ್ಯಾಪ್‌ಟಾಪಿಗೆ ಹಾಕಿದ್ದ ವೈರ್ ಅದು. ಲ್ಯಾಪ್‌ಟಾಪ್ ತೆಗೆದು, ವೈರನ್ನ ಹಾಗೇ ಬಿಟ್ಟು ಊಟಕ್ಕೆ ಹೋದವಳು ನಾನು.”

ಅವಳು ಎದ್ದು ನಿಂತು ಉದ್ದಣ್ಣನ ಕಡೆ ತಿರುಗಿದಳು. “ಉದ್ದಣ್ಣ, ಏನೂ ನೋಡದೆ ನಿಮ್ಮ ಮೇಲೆ ಕೂಗಾಡ್ಬಿಟ್ಟೆ. ಅವರು ನಾಳೆ ಬೇಡ ಅಂದಾಗಲೂ ಬಾಯಿ ಬಿಡಲಿಲ್ಲ. ತಪ್ಪಾಯ್ತು.”

ಉದ್ದಣ್ಣ ಮಡಿಚಿದ ಏಣಿಯನ್ನು ಗೋಡೆಗೆ ಒರಗಿಸಿದ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮೇಜಿನ ಕೆಳಗೆ ನೋಡಿದ. ಅವನ ಕೂದಲ ತುಂಬ ಧೂಳು.

“ಅಂದ್ರೆ ನಾನು ಎಳೆದ ವೈರ್ ಸರಿಯಾಗೇ ಇತ್ತಾ?”

ಬಟಾಣಿ ತಲೆಯಾಡಿಸಿದಳು. ಅವಳ ಕಣ್ಣು ತುಂಬಿ ಬಂದಿತ್ತು.

“ಅಬ್ಬ!” ಎಂದ ಉದ್ದಣ್ಣ. ಹೋದ ಜೀವ ಬಂದವನ ಹಾಗೆ ಉಸಿರು ಬಿಟ್ಟ. “ಬದುಕಿಸಿದೆ ಕಣಮ್ಮ. ಇಲ್ಲದಿದ್ರೆ ನಾಳೆಯಿಂದ ವೈರ್ ಹಿಡಿದಾಗಲೆಲ್ಲ ಕೈ ನಡುಗ್ತಿತ್ತು ನಂಗೆ. ಥ್ಯಾಂಕ್ಸ್ ಬಟಾಣಿ.”

ಬಟಾಣಿ ಬೈಗುಳಕ್ಕೆ ಕಾಯುತ್ತಿದ್ದಳು. “ಬೈಯಲ್ವಾ?” ಎಂದು ಕೇಳಿದಳು.

“ಬೈತೀನಿ, ಬೈತೀನಿ. ಇವತ್ತು ಖುಷೀಲಿದ್ದೀನಿ, ಇನ್ನೊಂದು ದಿನ ನೆನಪು ಮಾಡು.”

ಅಷ್ಟರಲ್ಲಿ ದೊಡ್ಡ ಸರ್ ಕೂಡ ಪ್ಯಾಂಟಿನ ಮಂಡಿ ಎತ್ತಿಕೊಂಡು ಕಷ್ಟಪಟ್ಟು ಬಗ್ಗಿದರು. ಪೆಟ್ಟಿಗೆ ನೋಡಿದರು. ಬಟಾಣಿಯ ಕೈ ನೋಡಿದರು. “ನಾಳೆ ಬರೋ ಮಕ್ಕಳ ಕೈಗೂ ಇದು ಹೀಗೇ ಸಿಗುತ್ತಲ್ವಾ?”

“ನಾವಿಲ್ಲಿ ಒಂದೇ ಬಟಾಣಿಗೆ ಸುಸ್ತಾಗಿದ್ದೀವಿ ಸರ್,” ಎಂದ ಉದ್ದಣ್ಣ. “ನಾಳೆ ಒಂದು ಮೂಟೆ ಬರುತ್ತೆ.”

ಈ ಸಲ ಎಲ್ಲರೂ ನಕ್ಕರು. ದೊಡ್ಡ ಸರ್ ಅಂತೂ ನಗುತ್ತಾ ನಗುತ್ತಾ ಏಳಲಾಗದೆ ಚಿಕ್ಕಮ್ಮನ ಕೈ ಹಿಡಿದು ಎದ್ದರು. ಎದ್ದ ಮೇಲೆ ಉದ್ದಣ್ಣನಿಗೆ, “ಮನಸ್ಸಿಗೆ ಹಚ್ಕೋಬೇಡಿ. ನಾಳೆ ನೀವು ಇರ್ಲೇಬೇಕು,” ಎಂದರು. ಹಲಗೆ ತರಿಸುತ್ತೇನೆಂದು ತಾವೇ ಹೊರಟರು.

ಸಂಜೆಯವರೆಗೂ ಅವರು ಪ್ರತಿ ಮೇಜಿನ ಕೆಳಗೂ ಪೆಟ್ಟಿಗೆಯ ಮುಂದೆ ಒಂದೊಂದು ಹಲಗೆ ಕೂರಿಸಿದರು. ಉದ್ದಣ್ಣ ಮೇಜಿನ ಕೆಳಗೆ ಹಿಡಿಸುತ್ತಿರಲಿಲ್ಲ. ಬಟಾಣಿ ಒಳಗೆ ಕೂತು ಹಲಗೆ ಹಿಡಿದುಕೊಂಡಳು, ಚಿಕ್ಕಮ್ಮ ಸ್ಕ್ರೂ ತಿರುಗಿಸಿದಳು, ಅವನು ಹೊರಗಿನಿಂದ ಟಾರ್ಚ್ ಹಿಡಿದ.

ಮರುದಿನ ಬೆಳಿಗ್ಗೆ ಹಾಲಿನಲ್ಲಿ ಕಿವಿ ಕೇಳಿಸದಷ್ಟು ಗದ್ದಲ.

“ಟೀಚರ್, ಅವನು ನನ್ನ ಬಾತುಕೋಳಿಗೆ ಮೀಸೆ ಹಾಕ್ದ!”

“ಅದು ಬಾತುಕೋಳಿನಾ? ನಾನು ಚಪ್ಪಲಿ ಅಂದ್ಕೊಂಡಿದ್ದೆ!”

ಮೀಸೆ ಬಾತುಕೋಳಿ ಒಂದೊಂದೇ ಪರದೆ ದಾಟಿತು. ಮಕ್ಕಳೆಲ್ಲ ಅದರ ಜೊತೆಗೇ ಓಡಿದರು. ಅದು ಗೋಡೆಯ ಕೊನೆ ಮುಟ್ಟಿ ಪರದೆಯ ನೀರಿನೊಳಗೆ ಬುಳುಂಕನೆ ಮುಳುಗಿದಾಗ ಇಡೀ ಕ್ಲಾಸು ಚಪ್ಪಾಳೆ ತಟ್ಟಿತು.

ಬಟಾಣಿ ಓಡುವುದನ್ನು ಬಿಟ್ಟು ಹಿಂದೆ ತಿರುಗಿದಳು. ಬಾಗಿಲ ಪಕ್ಕದಲ್ಲಿ ಇಸ್ತ್ರಿ ಅಂಗಿ ತೊಟ್ಟ ಉದ್ದಣ್ಣ ಗೋಡೆಗೆ ಒರಗಿ ನಿಂತಿದ್ದ. ಓಡುವ ಮಕ್ಕಳನ್ನು ಈ ತುದಿಯಿಂದ ಆ ತುದಿಯವರೆಗೆ ಕಣ್ಣಲ್ಲೇ ಹಿಂಬಾಲಿಸುತ್ತಿದ್ದ. ಬಾಯಿ ಅರ್ಧ ತೆರೆದಿತ್ತು. ಅವನು ಯಾರೆಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಅದು ಅವನಿಗೆ ಬೇಕಾಗಿದ್ದ ಹಾಗೂ ಕಾಣಲಿಲ್ಲ. ಅವನು ನೋಡುತ್ತಿದ್ದ, ಅಷ್ಟೇ.

ಎಲ್ಲರೂ ಗೋಡೆಯ ಕಡೆ ಮುಖ ಮಾಡಿ ಚಪ್ಪಾಳೆ ತಟ್ಟುತ್ತಿದ್ದರು. ಬಟಾಣಿಯೂ ತಟ್ಟಿದಳು, ಅಂಗೈ ಕೆಂಪಾಗುವಷ್ಟು. ಅವಳ ಮುಖ ಮಾತ್ರ ಬಾಗಿಲ ಕಡೆಗಿತ್ತು.