ಬೀಗ ಬಿದ್ದ ಮದುವೆ ವಿಡಿಯೋ

"ಮುಟ್ಟಬ್ಯಾಡ್ರಿ! ಮೊದ್ಲ ಆ ಮೌಸ್ ಬಿಡ್ರಿ!"

ಒಳನುಗ್ಗಿದ ಆ ಅಪರಿಚಿತ ದಾನೇಶ್ವರಿಯ ಕೈಯನ್ನು ಪಕ್ಕಕ್ಕೆ ಸರಿಸಿ, ಎರಡು ಕಂಪ್ಯೂಟರುಗಳನ್ನು ಜೋಡಿಸಿದ್ದ ನೀಲಿ ವೈರನ್ನು ಒಂದೇ ಏಟಿಗೆ ಕಿತ್ತುಬಿಟ್ಟ.

ಅವಳು ದಡಬಡಿಸಿ ಎದ್ದಳು. "ಏನ್ ಮಾಡಿದ್ರಿ ನೀವು?!"

"ನಾ ಸಂಗಮೇಶ್ರಿ. ಕುಳಗೇರಿ ಕ್ರಾಸಿನ್ಯಾಗ ಕಂಪ್ಯೂಟರ್ ರಿಪೇರಿ ಮಾಡ್ತೇನಿ. ನೀವ ಫೋನ್ ಮಾಡಿದ್ರಲ್ಲ?"

ಬಾದಾಮಿಯ ಆ ಪುಟ್ಟ ಫೋಟೋ ಸ್ಟುಡಿಯೋದಲ್ಲಿ ಬೆಳಗಿನಿಂದ ಒಂದೊಂದೇ ಫೈಲು ತೆರೆಯದಾಗಿತ್ತು. ಈಗ ಪರದೆಯ ತುಂಬ ಕೆಂಪು ಅಕ್ಷರಗಳು. ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ಕೀಲಿ ಬೇಕಿದ್ದರೆ ಹಣ ಕಳಿಸಿ!

"ಕಳಿಸಿದ್ರ ಬಿಡ್ತಾರೇನ್ರಿ?"

"ಖಾತ್ರಿ ಇಲ್ಲರಿ. ಬ್ಯಾರೆ ಡಿಸ್ಕಿನ್ಯಾಗ ಕಾಪಿ ಇಟ್ಟೀರೇನು?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಇಡಬೇಕು, ನಾಳೆ ಇಡಬೇಕು ಎಂದುಕೊಂಡೇ ವರ್ಷ ಕಳೆದಿತ್ತು...

ಅಷ್ಟರಲ್ಲಿ ಬಾಗಿಲಲ್ಲಿ ಚೊಳಚಗುಡ್ಡದ ದಸ್ತಗೀರಸಾಬರು ನಿಂತಿದ್ದರು.

"ಯವ್ವಾ, ನಮ್ಮ ತಬಸುಮಳ ಲಗ್ನದ ವಿಡಿಯೋ ಆತೇನು?"

ಮಗಳ ಮದುವೆಯಾದ ಇಪ್ಪತ್ತನೇ ದಿನಕ್ಕೆ ಅವರ ಹೆಂಡತಿ ದಸ್ತಗೀರಬಿ ಎದೆನೋವಿನಿಂದ ತೀರಿಹೋಗಿದ್ದರು.

"ಫೋಟೋಕ್ಕ ನಿಲ್ಲು ಅಂದ್ರ ಓಡಿ ಹೋಗಾಕಿ. ಆವತ್ತೊಂದ ದಿನ ಕ್ಯಾಮೆರಾ ಮುಂದ ನಕ್ಕೋತ ಮಾತಾಡಿದ್ಲು ನೋಡು. ಆಕಿ ಧ್ವನಿ ಅದರಾಗಷ್ಟ ಐತಿ."

ದಾನೇಶ್ವರಿಯ ಕೈ ನಡುಗತೊಡಗಿತು. ಹೇಗೆ ಹೇಳಲಿ? ಯಾವ ಬಾಯಿಂದ ಹೇಳಲಿ?

ಸಂಗಮೇಶ ಅವಳ ಕೈಗಳನ್ನು ನೋಡಿದ. ಆಮೇಲೆ ಎದ್ದು ನಿಂತ.

"ತಪ್ಪು ನಂದ್ರಿ ಕಾಕಾ. ಇವರು ರಿಪೇರಿಗೆ ಕರದಿದ್ರು. ನಾ ಅವಸರದಾಗ ವೈರ್ ಕಿತ್ತೆ... ಅದಕ್ಕ ವಿಡಿಯೋ ಕೆಟ್ಟೈತಿ."

ಮುದುಕರು ಬೈಯಲಿಲ್ಲ. ಬೆಂಚಿನ ಮೇಲೆ ಕುಸಿದು ಕೂತರು. ಬಹಳ ಹೊತ್ತಿನ ಮೇಲೆ ಎದ್ದು ಹೋದರು.

ಅವರು ಮರೆಯಾದದ್ದೇ ತಡ ದಾನೇಶ್ವರಿ ಸಿಡಿದಳು. "ಹಂಗಾರ ವಿಡಿಯೋ ಕೆಡಿಸಿದ್ದು ನೀವ ಏನು! ನಿಮ್ಮನ್ನ ಕರದದ್ದ ನನ್ನ ತಪ್ಪು!"

ಅವನು ತಲೆತಗ್ಗಿಸಿದ. "ಮೂರು ದಿನ ಕೊಡ್ರಿ. ನೋಡ್ತೇನಿ."

ಮೂರು ದಿನವೂ ಮೊದಲ ಬಸ್ಸಿಗೆ ಬಂದ. ಕ್ಯಾಮೆರಾದ ಕಾರ್ಡನ್ನೂ ಜಾಲಾಡಿದ. ಅದರ ಮೇಲೆ ಆಗಲೇ ಬೇರೆ ಮೂರು ಮದುವೆಗಳ ಚಿತ್ರೀಕರಣವಾಗಿ ಹಳೆಯದೆಲ್ಲ ಅಳಿಸಿಹೋಗಿತ್ತು. ಅವಳು ಬೈದಳೇ ಹೊರತು ಒಂದು ಲೋಟ ನೀರೂ ಕೊಡಲಿಲ್ಲ.

ಮೂರನೇ ಸಂಜೆ ಅವನ ಕಣ್ಣುಗಳು ಕೆಂಪಾಗಿದ್ದವು. "ಆಗಲಿಲ್ಲರಿ..."

"ಇನ್ನ ಬರಬ್ಯಾಡ್ರಿ."

ಸುದ್ದಿ ಹಬ್ಬಿತು. ಬಾದಾಮಿಯ ಅಂಗಡಿಯವರು ಅವನನ್ನು ಕರೆಯುವುದು ನಿಲ್ಲಿಸಿದರು.

ವಾರದ ಮೇಲೆ, ಅವನು ಸ್ವಚ್ಛಮಾಡಿಟ್ಟು ಹೋಗಿದ್ದ ಎರಡನೇ ಕಂಪ್ಯೂಟರನ್ನು ದಾನೇಶ್ವರಿ ತೆರೆದಳು. ಫೋಟೋಗಳಲ್ಲಿ ಅರ್ಧಕ್ಕೆ ಬೀಗ ಬಿದ್ದಿತ್ತು. ಉಳಿದರ್ಧ ಹಾಗೇ ಇತ್ತು! ಬೀಗ ಬಿದ್ದ ಕೊನೆಯ ಫೈಲಿನ ಸಮಯ ಹನ್ನೊಂದು ನಲವತ್ತು. ಅವನು ವೈರ್ ಕಿತ್ತ ಗಳಿಗೆ ಅದು... ಅದರಾಚೆ ಒಂದೂ ಕೆಟ್ಟಿರಲಿಲ್ಲ. ವೈರ್ ಕಿತ್ತದ್ದಕ್ಕೇ ಇಷ್ಟಾದರೂ ಉಳಿದಿತ್ತು.

ಮತ್ತೆ ಬೀಗ ಬಿದ್ದ ಮೊದಲ ಫೈಲು? ಒಂಬತ್ತು ಗಂಟೆ ಹತ್ತು ನಿಮಿಷ.

ಒಂಬತ್ತಕ್ಕೆ ನಾನೇನು ಮಾಡುತ್ತಿದ್ದೆ?

ಆವತ್ತು ಬೆಳಿಗ್ಗೆ ಆಲ್ಬಮ್ ಮಾಡುವ ಸಾಫ್ಟ್‌ವೇರು ಪುಕ್ಕಟೆ ಸಿಕ್ಕಿತೆಂದು ಹಾಕಿಕೊಂಡಿದ್ದಳು. ವೈರಸ್ ತಡೆಯುವುದನ್ನು ಆಫ್ ಮಾಡಿ ಎಂದು ಅದು ಕೇಳಿತ್ತು. ಮಾಡಿದ್ದಳು. ತನ್ನ ಕೈಯಾರೆ!

ಅಯ್ಯೋ... ಇದನ್ನೆಲ್ಲ ನೋಡಿದ್ದ ಅವನಿಗೆ ಮೊದಲ ದಿನವೇ ಗೊತ್ತಿತ್ತು!

ಉಳಿದ ಫೋಟೋಗಳಲ್ಲಿ ದಸ್ತಗೀರಬಿಯದೊಂದು ಸಿಕ್ಕಿತು. ಅದನ್ನು ಪ್ರಿಂಟು ಹಾಕಿ ಚೊಳಚಗುಡ್ಡಕ್ಕೆ ಹೋದಳು.

"ಕಾಕಾ, ಅವರದ ತಪ್ಪಲ್ಲ. ನಾನ ಕೆಡಿಸಿದ್ದು."

ದಸ್ತಗೀರಸಾಬರು ಫೋಟೋದ ಮೇಲೆ ಬೆರಳಾಡಿಸಿದರು. "ಧ್ವನಿ ಬರಂಗಿಲ್ಲಲ್ಲ ಯವ್ವಾ?"

"ಇಲ್ಲ ಕಾಕಾ..."

ಅವರು ಫೋಟೋವನ್ನು ಕಣ್ಣಿಗೊತ್ತಿಕೊಂಡರು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಅಂದರು, "ಆ ಹುಡುಗ ಮೊನ್ನಿ ಬಂದು ನನ್ನ ಬಾಗಿಲಾಗ ಕುಂತು ಅತ್ತು ಹೋದ. ಈ ಮಾತು ಅವಗ ಹೋಗಿ ಹೇಳವಾ."

ಕುಳಗೇರಿ ಕ್ರಾಸಿನಲ್ಲಿ ಬಸ್ಸಿಳಿದು ಅವಳು ಅವನ ಅಂಗಡಿ ಹುಡುಕಿಕೊಂಡು ಹೋದಳು. ಸಂಗಮೇಶ ಖಾಲಿ ಮೇಜಿನ ಮುಂದೆ ಸುಮ್ಮನೆ ಕೂತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ.

"ಯಾಕ್ರಿ ಸುಳ್ಳು ಹೇಳಿದ್ರಿ?"

ಅವನು ಅವಳಿಗೆ ಕೂರಲು ಸ್ಟೂಲು ಸರಿಸಿದ.

"ನನ್ನ ತಪ್ಪು ನಿಮ್ಮ ಮ್ಯಾಲ ಹಾಕ್ಕೊಳ್ಳಾಕ ನೀವು ನನಗ ಯಾರು?"

"ಯಾರೂ ಅಲ್ಲರಿ." ಅವನ ದನಿ ತೀರಾ ಇಳಿದಿತ್ತು. "ಆ ಹಿರೇರ ಮುಂದ ನಿಮ್ಮ ಕೈ ನಡಗೂದು ನೋಡಾಕ ಆಗಲಿಲ್ಲ. ಆಮ್ಯಾಲ ಮೂರು ದಿನ ನಿಮ್ಮ ಬೈಗಳಾ ತಿಂದೆ. ನಾಕನೇ ದಿನ ಬೈಯಾವ್ರಿಲ್ಲದ ಇಲ್ಲಿ ಕುಂತಾಗ... ನಿಮಗ ಯಾರರ ಆಗಬೇಕು ಅನ್ನಿಸ್ತು."

ದಾನೇಶ್ವರಿಯ ಕಣ್ಣು ತುಂಬಿ ಬಂತು. "ಕಾಕಾಗೋಳಿಗೆ ಖರೆ ಹೇಳಿ ಬಂದೇನಿ. ಬಾದಾಮಿಯವರಿಗೂ ಹೇಳ್ತೇನಿ. ನೀವು ಮಾತ್ರ ಇನ್ನೊಮ್ಮಿ ನನಗ ಸುಳ್ಳು ಹೇಳಬಾರದು."

"ಹೇಳಂಗಿಲ್ಲ."

"ಹಂಗಾರ ಹೇಳ್ರಿ. ಆ ವಿಡಿಯೋ... ಯಾವತ್ತರ ಬರತೈತೇನು?"

ಈ ಸಲ ಅವನು ತಲೆತಗ್ಗಿಸಲಿಲ್ಲ.

"ಬರಂಗಿಲ್ಲ, ದಾನೇಶ್ವರಿ."

ಅವಳು ಮುಖ ಮುಚ್ಚಿಕೊಂಡು ಅತ್ತಳು. ಅವನು ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಅವಳೇ ಅವನ ಕೈ ಹಿಡಿದಳು.

"ಕೊನೀ ಬಸ್ಸಿನ ತನಕ ಇರ್ಲೇನು?"

"ಇರು," ಅಂದ ಅವನು. "ಬಸ್ ಹೋದ್ರ ನಾ ಬಿಟ್ಟು ಬರ್ತೇನಿ."